ನೆಲ ಬಿಟ್ಟ ಕಾಲು

ವಾಚು ಬಲಗೈಯಲ್ಲಿತ್ತು.

ಬಾತು ಲ್ಯಾಪ್‌ಟಾಪಿನ ಪರದೆಯನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿದಳು. ಅವಳು ವಾಚು ಕಟ್ಟುವುದು ಯಾವತ್ತೂ ಎಡಗೈಗೆ. ಚಿಕ್ಕಂದಿನಲ್ಲಿ ಬಲ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು, ಅಲ್ಲಿ ಪಟ್ಟಿ ನಿಲ್ಲುತ್ತಿರಲಿಲ್ಲ. ಆದರೆ ಪರದೆಯ ಮೇಲೆ ಎಡದಿಂದ ಬಲಕ್ಕೆ ನಡೆದುಹೋಗುತ್ತಿದ್ದ ಬಾತುವಿನ ಬಲಗೈಯಲ್ಲಿ ವಾಚು ಮಿನುಗುತ್ತಿತ್ತು.

“ಅತ್ತಿಗೆ, ಸ್ವಲ್ಪ ನಿಲ್ಲಿಸಿ ಇದನ್ನ.”

ಅತ್ತಿಗೆ ಹಲ್ಲಿನ ನಡುವೆ ಕಚ್ಚಿಕೊಂಡಿದ್ದ ಪೆನ್ನಿನ ಮುಚ್ಚಳ ತೆಗೆಯದೆಯೇ ಗುಂಡಿ ಒತ್ತಿದಳು. ಚಿತ್ರ ನಿಂತಿತು. “ಏನು? ತೋಳು ಚೆನ್ನಾಗೇ ಬೀಸ್ತಿದೀಯಲ್ಲ.”

“ತೋಳಲ್ಲ. ವಾಚು ನೋಡಿ.”

ಅದೊಂದು ಶಾಲೆಯ ತರಗತಿ ಕೋಣೆ. ಸ್ಪರ್ಧೆಗೆ ಬಂದ ಹುಡುಗಿಯರು ಬಟ್ಟೆ ಬದಲಿಸಲಿ ಎಂದು ಬೆಂಚುಗಳನ್ನು ಗೋಡೆಗೆ ಒತ್ತಿದ್ದರು. ಕಪ್ಪು ಹಲಗೆಯ ಮೇಲೆ ಯಾರೋ ಅರ್ಧ ಒರೆಸಿ ಬಿಟ್ಟ ಲೆಕ್ಕ ಹಾಗೇ ಇತ್ತು. ಉಳಿದವರೆಲ್ಲ ಆಗಲೇ ರಸ್ತೆಗೆ ಹೋಗಿದ್ದರು. ಹೊರಗೆ ಮೈಕಿನಲ್ಲಿ ಒಬ್ಬ “ಹಲೋ, ಹಲೋ” ಎಂದು ತನ್ನ ದನಿಯನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದ್ದ.

ನಡಿಗೆ ಸ್ಪರ್ಧೆಯ ಕಾನೂನು ಸರಳ. ಎಷ್ಟು ವೇಗವಾಗಿ ಬೇಕಾದರೂ ನಡೆ, ಆದರೆ ಒಂದು ಕಾಲು ಸದಾ ನೆಲದ ಮೇಲಿರಬೇಕು. ಎರಡೂ ಒಟ್ಟಿಗೆ ನೆಲ ಬಿಟ್ಟರೆ ಅದು ಓಟ. ಅದನ್ನು ಹಿಡಿಯುವವರು ರಸ್ತೆಯುದ್ದಕ್ಕೂ ನಿಂತ ತೀರ್ಪುಗಾರರು, ಬರಿಗಣ್ಣಿನಲ್ಲಿ. ಮೂವರು ತೀರ್ಪುಗಾರರ ಮೂರು ಕೆಂಪು ಕಾರ್ಡು ಬಿದ್ದರೆ ಸ್ಪರ್ಧೆಯಿಂದ ಹೊರಗೆ. ಬಾತು ಹಿಂದಿನ ಎರಡು ಸ್ಪರ್ಧೆಗಳಲ್ಲಿ ಹಾಗೆಯೇ ಹೊರಗೆ ಬಿದ್ದಿದ್ದಳು. ಇವತ್ತಿನದರಲ್ಲಿ ಮೊದಲ ಮೂವರು ದೇಶದ ತಂಡಕ್ಕೆ ಹೋಗುತ್ತಾರೆ. ಆ ಮೂವರಲ್ಲಿ ಅವಳಿಲ್ಲದಿದ್ದರೆ ತರಬೇತಿ ಕೇಂದ್ರ ಅವಳ ಮಂಚವನ್ನು ಬೇರೊಬ್ಬಳಿಗೆ ಕೊಡುತ್ತದೆ. ಇದನ್ನು ಅವಳಿಗೆ ನೇರವಾಗಿಯೇ ಹೇಳಿದ್ದರು.

ಬಾತು ಅನ್ನುವುದು ಹೆಸರಲ್ಲ. ಸೊಂಟ ಹೊರಳಿಸುತ್ತ ರಸ್ತೆಯಲ್ಲಿ ಅಭ್ಯಾಸ ಮಾಡುವಾಗ ಸೈಕಲ್ಲಿನ ಹುಡುಗರು ಹಿಂದಿನಿಂದ ಬಾತುಕೋಳಿಯ ಹಾಗೆ ಕೂಗುತ್ತಿದ್ದರು. ಅವಳಿಗೆ ಸಿಟ್ಟು ಬಂದಷ್ಟೂ ಆ ಕೂಗೇ ಅಂಟಿಕೊಂಡಿತು. ಈಗ ಮನೆಯಲ್ಲಿ ಅಣ್ಣ ಕೂಡ ಹಾಗೆಯೇ ಕರೆಯುತ್ತಾನೆ. ಆ ಅಣ್ಣನ ಹೆಂಡತಿಯೇ ಈ ಅತ್ತಿಗೆ. ಕೇಂದ್ರದ ವಿಡಿಯೊ ಕೋಣೆಯಲ್ಲಿ ಅವಳಿಗೆ ಕೆಲಸ.

ಕೆಲಸವೆಂದರೆ, ನಡೆಯುವವರನ್ನು ಪಕ್ಕದಿಂದ ಚಿತ್ರೀಕರಿಸುವುದು. ಸೊಂಟ, ಮೊಣಕಾಲು, ಹಿಮ್ಮಡಿ, ಹೆಬ್ಬೆರಳು ಎಂದು ಒಂದೊಂದು ಕೀಲಿನ ಮೇಲೂ ಚುಕ್ಕೆ ಇಟ್ಟರೆ ಸಾಫ್ಟ್‌ವೇರು ಚುಕ್ಕೆಗಳನ್ನು ಗೆರೆಯಿಂದ ಜೋಡಿಸಿ ಕೋನ ಹೇಳುತ್ತದೆ. ಯಾವ ಕಾಲು ಎಷ್ಟು ಬೇಗ ನೆಲ ಬಿಟ್ಟಿತು ಎಂಬುದನ್ನೂ ಹೇಳುತ್ತದೆ. ಆ ನಡಿಗೆಯನ್ನು ಒಬ್ಬ ಹಳೆಯ ಚಾಂಪಿಯನ್ನಿನ ನಡಿಗೆಯ ಮೇಲೆ ಹೊದಿಸಿದರೆ ಎಲ್ಲಿ ಎಡವಟ್ಟಾಗುತ್ತಿದೆ ಎಂದು ಕುರುಡರಿಗೂ ಕಾಣಬೇಕು. ತೊಡಕು ಒಂದೇ. ಚಾಂಪಿಯನ್ ಪರದೆಯ ಮೇಲೆ ಎಡದಿಂದ ಬಲಕ್ಕೆ ನಡೆಯುತ್ತಿದ್ದಳು. ಕೇಂದ್ರದ ಅಭ್ಯಾಸದ ರಸ್ತೆಯಲ್ಲಿ ಎಲ್ಲರೂ ನಡೆಯುವುದು ಒಂದೇ ದಿಕ್ಕಿಗೆ, ಅದರ ಒಂದು ಮಗ್ಗುಲಿಗೆ ಗೋದಾಮಿನ ಗೋಡೆ, ಕ್ಯಾಮೆರಾ ನಿಲ್ಲಿಸಲು ಜಾಗವಿಲ್ಲ. ಇನ್ನೊಂದು ಮಗ್ಗುಲಿನಿಂದ ತೆಗೆದರೆ ಬಾತು ಬಲದಿಂದ ಎಡಕ್ಕೆ ಹೋಗುತ್ತಾಳೆ. ಇಬ್ಬರೂ ಜಗಳವಾಡಿಕೊಂಡವರ ಹಾಗೆ ಒಬ್ಬರು ಆ ಕಡೆ, ಒಬ್ಬರು ಈ ಕಡೆ. ಅದಕ್ಕೆ ಅತ್ತಿಗೆ ಬಾತುವಿನ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುತ್ತಿದ್ದಳು. ಒಂದು ಗುಂಡಿ ಒತ್ತಿದರೆ ಮುಗಿಯಿತು.

ಚಿತ್ರ ತಿರುಗಿದಾಗ ಕಾಲುಗಳೂ ತಿರುಗುತ್ತವೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಪರದೆಯ ಮೇಲೆ ಎಡವೆಂದು ಕಂಡದ್ದನ್ನು ಎಡವೆಂದೇ ಬರೆದಿದ್ದಳು. ಇಷ್ಟು ದಿನ ಸೊಂಟದಿಂದ ಕೆಳಗಷ್ಟೇ ಚಿತ್ರ. ಕಪ್ಪು ಚಡ್ಡಿ, ಎರಡು ಕಾಲು. ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ನಿನ್ನೆ ಕೋಚ್ ತೋಳಿನ ಬೀಸು ನೋಡಬೇಕೆಂದರು, ಕ್ಯಾಮೆರಾ ಹಿಂದಕ್ಕೆ ಸರಿಯಿತು, ವಾಚು ಚಿತ್ರದೊಳಗೆ ಬಂತು.

ಅತ್ತಿಗೆಯ ಬಾಯಿಂದ ಪೆನ್ನಿನ ಮುಚ್ಚಳ ಬಿತ್ತು. ಅವಳು ಪರದೆಗೆ ಬೆರಳು ಮುಟ್ಟಿಸಿ ಸಣ್ಣ ಮಕ್ಕಳ ಹಾಗೆ ಗೊಣಗಿದಳು. “ಆಚೆ ಕಾಲು ಬೇಗ ಏಳ್ತಿದೆ... ಅದು ಎಡ ಅಂತ ಬರ್ದಿದೀನಿ... ತಿರುಗಿಸಿದ್ರೆ...”

“ಬಲ,” ಎಂದಳು ಬಾತು.

ಹೊರಗೆ ಮೈಕಿನವನು ನಿಲ್ಲಿಸಿರಲಿಲ್ಲ.

ಆರು ವಾರ ಎಡಗಾಲಿಗೆ ಮದ್ದು ನಡೆದಿತ್ತು. ರಬ್ಬರ್ ಪಟ್ಟಿ ಕಟ್ಟಿ ಎಳೆದದ್ದು ಎಡ ಪಾದವನ್ನು. ಮೆಟ್ಟಿಲಿನ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತದ್ದು ಎಡಗಾಲಲ್ಲಿ. “ನೆಲ ಬಿಡೋಕೆ ಮುಂಚೆ ಹೆಬ್ಬೆರಳಲ್ಲಿ ಸಿಗರೇಟು ಹೊಸಕಿದ ಹಾಗೆ ಒತ್ತು,” ಎನ್ನುತ್ತಿದ್ದರು ಕೋಚ್. ಅವರು ಸಿಗರೇಟು ಬಿಟ್ಟು ವರ್ಷಗಳಾಗಿದ್ದವು, ಸಿಗರೇಟು ಅವರನ್ನು ಬಿಟ್ಟಿರಲಿಲ್ಲ. ಏನೂ ಕಾಯಿಲೆಯಿಲ್ಲದ ಎಡಗಾಲು ಈಗ ಕಬ್ಬಿಣದಂತಾಗಿತ್ತು. ನೆಲ ಬಿಡುತ್ತಿದ್ದ ಬಲಗಾಲು ಹಾಗೇ ಬಿಡುತ್ತಿತ್ತು.

“ಸರ್‌ಗೆ ಹೇಳಿ ಬರ್ತೀನಿ,” ಎಂದು ಅತ್ತಿಗೆ ಎದ್ದಳು. “ನೀನು ಇವತ್ತು ನಡೀಬೇಡ. ಹೊಟ್ಟೆನೋವು ಅನ್ನು.”

“ಕೂತ್ಕೊಳ್ಳಿ.”

“ಮೂರನೇ ಸಲ ಕೆಂಪು ತಿಂದು ಆಚೆ ಬಂದ್ರೆ ನಿನ್ನ ಗತಿ ಏನು ಅಂತ ಗೊತ್ತಿದೆಯಾ?”

“ನಡೀದೆ ಇದ್ರೂ ಅದೇ ಗತಿ. ಮುಂದಿನ ತಿಂಗಳು ನನ್ನ ಮಂಚದ ಮೇಲೆ ಬೇರೆ ಯಾರೋ ಗೊರಕೆ ಹೊಡೀತಿರ್ತಾಳೆ. ಕೂತ್ಕೊಳ್ಳಿ ಅತ್ತಿಗೆ. ಸರ್‌ಗೆ ಹೇಳಿದ್ರೆ ಮೊದ್ಲು ಹೋಗೋದು ನಿಮ್ಮ ಕೆಲಸ.”

“ಹೋದ್ರೆ ಹೋಗ್ಲಿ.”

“ಮನೆಗೆ ಹೋಗಿ ಅಣ್ಣನ ಮುಂದೆ ಹಾಗನ್ನಿ ನೋಡೋಣ.”

ಅತ್ತಿಗೆ ಕೂತಳು. ತಲೆ ಬಗ್ಗಿಸಿ ಕೈಬೆರಳು ಹಿಸುಕಿಕೊಂಡಳು. ಆಮೇಲೆ ಏನೋ ನೆನಪಾದವಳಂತೆ ತಲೆಯೆತ್ತಿದಳು. “ಜಡೆಗೆ?”

ಜಡೆಯೂ ಕೇಂದ್ರದವಳೇ. ಬಾತುವಿನ ಪಕ್ಕದ ಮಂಚ. ಮಂಡಿಯವರೆಗೆ ಬರುವ ಕೂದಲನ್ನು ಹೆಣೆದು, ಸುತ್ತಿ, ತಲೆಯ ಮೇಲೆ ಚೆಂಡಿನ ಹಾಗೆ ಕಟ್ಟಿಕೊಂಡು ನಡೆಯುತ್ತಿದ್ದಳು. ಅವಳಿಗೂ ಅದೇ ಕಾಯಿಲೆ, ಅದೇ ಕ್ಯಾಮೆರಾ, ಅದೇ ಗುಂಡಿ. ಆರು ವಾರ ಇಬ್ಬರೂ ಅದೇ ಮೆಟ್ಟಿಲ ಅಂಚಿನಲ್ಲಿ ಅಕ್ಕಪಕ್ಕ ಎಡಗಾಲಲ್ಲಿ ನಿಂತಿದ್ದರು. ಇವತ್ತು ಮುಂದೆ ಹೋಗುವ ಇಬ್ಬರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಜಗಳವಿದ್ದದ್ದು ಮೂರನೆಯ ಜಾಗಕ್ಕೆ, ಬಾತುವಿಗೂ ಜಡೆಗೂ.

“ಜಡೆಗಾದ್ರೂ ಹೇಳ್ಬೇಕು ಕಣೆ,” ಎಂದಳು ಅತ್ತಿಗೆ.

ಬಾತು ಶೂ ಲೇಸು ಬಿಚ್ಚಿದಳು. ಮತ್ತೆ ಕಟ್ಟಿದಳು. “ಈಗ ಹೇಳಿದ್ರೆ ತಲೆ ಕೆಡಿಸ್ಕೋತಾಳೆ. ಹೋಗಿ ಸರ್‌ಗೆ ಹೇಳ್ತಾಳೆ. ಮುಗೀಲಿ. ಮುಗಿದ್ಮೇಲೆ ನಾನೇ ಹೇಳ್ತೀನಿ.”

“ಬಾತು...”

“ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

ಅತ್ತಿಗೆ ಅವಳ ಮುಖವನ್ನು ದಿಟ್ಟಿಸಿದಳು. ಏನೋ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ದಡಾರನೆ ತೆರೆದುಕೊಂಡಿತು.

“ಏ ಬಾತು, ಎಲ್ಲಿ ಸತ್ತಿದ್ದೆ? ಬಾರೆ ಇಲ್ಲಿ, ಪಿನ್ ಹಾಕು.” ಜಡೆ ಬೆನ್ನಿನ ಸಂಖ್ಯೆಯ ಬಟ್ಟೆಯನ್ನು ಒಂದು ಕೈಯಲ್ಲಿ, ನಾಲ್ಕು ಪಿನ್ನುಗಳನ್ನು ಇನ್ನೊಂದರಲ್ಲಿ ಹಿಡಿದಿದ್ದಳು. “ಅಕ್ಕಾ, ನನ್ನ ನಿನ್ನೆಯ ವಿಡಿಯೊ ನೋಡಿದ್ರಾ? ಎಡಗಾಲು ಹೇಗಿದೆ?”

ಅತ್ತಿಗೆ ಲ್ಯಾಪ್‌ಟಾಪು ಮುಚ್ಚಿದಳು. “ಎಡಗಾಲು... ಚೆನ್ನಾಗಿದೆ.”

ಸುಳ್ಳೇನಲ್ಲ.

ಜಡೆ ಬೆನ್ನು ತಿರುಗಿಸಿ ನಿಂತಳು. ಬಾತು ಒಂದೊಂದೇ ಪಿನ್ನು ತೆಗೆದುಕೊಂಡು ನಾಲ್ಕು ಮೂಲೆಗೆ ಚುಚ್ಚಿದಳು. ಕೊನೆಯ ಪಿನ್ನು ಬಟ್ಟೆ ದಾಟಿ ಚರ್ಮಕ್ಕೆ ತಾಗಿತು.

“ಅಯ್ಯೋ! ನಡಿಗೆಯಲ್ಲಿ ಸೋಲಿಸಕ್ಕಾಗಲ್ಲ ಅಂತ ಇಲ್ಲೇ ಚುಚ್ಚಿ ಸಾಯಿಸ್ತೀಯೇನೆ?” ಜಡೆ ನಕ್ಕಳು. ಬಾತುವೂ ನಕ್ಕಳು.

ಕೋಚ್ ಕಿಟಕಿಯಿಂದ ಇಣುಕಿ ಸೀಟಿ ಊದಿದರು. “ಏನಮ್ಮಾ, ಆರತಿ ಎತ್ತಿ ಕರೀಬೇಕಾ? ನಡೀರಿ! ಇಬ್ಬರಿಗೂ ಹೇಳ್ತಿದೀನಿ, ಎಡಗಾಲು. ಸಿಗರೇಟು.”

“ಸರಿ ಸರ್,” ಎಂದರು ಇಬ್ಬರೂ.

ಸ್ಪರ್ಧೆಯ ರಸ್ತೆ ಅಗಲವಾಗಿ ನೇರವಾಗಿತ್ತು. ಎರಡೂ ತುದಿಯಲ್ಲಿ ತಿರುವು. ಅಂಗಡಿಗಳ ಬಾಗಿಲು ಎಳೆದಿತ್ತು. ಮಹಡಿಗಳ ಮೇಲೆ ಹಲ್ಲುಜ್ಜುತ್ತ ನಿಂತವರು ಕೆಳಗೆ ಸೊಂಟ ಕುಣಿಸುತ್ತ ಹೋಗುವ ಹೆಂಗಸರನ್ನು ನೋಡಿ ನಗುತ್ತಿದ್ದರು. ಮೊದಲ ಸುತ್ತು ಎಲ್ಲರೂ ಗುಂಪಾಗಿ ನಡೆದರು. ಎರಡನೆಯದರಲ್ಲಿ ಮುಂದೆ ಹೋಗಬೇಕಾದ ಇಬ್ಬರು ಮುಂದೆ ಹೋದರು. ಅವರ ಹಿಂದೆ ಬಾತು ಮತ್ತು ಜಡೆ, ಭುಜಕ್ಕೆ ಭುಜ.

ಬಲ. ಬಲ. ಬಲ. ಬಾತು ಒಳಗೇ ಹೇಳಿಕೊಳ್ಳುತ್ತಿದ್ದಳು. ಆರು ವಾರದಿಂದ ಎಡಗಾಲಿನ ಕೆಳಗಿದ್ದ ಸಿಗರೇಟನ್ನು ಬಲಗಾಲಿನ ಕೆಳಕ್ಕೆ ಸರಿಸಬೇಕು. ಹೇಳುವುದಕ್ಕೆ ಸುಲಭ. ಬಲ ಹೆಬ್ಬೆರಳನ್ನು ಒತ್ತಿದರೆ ಸೊಂಟ ಕಚ್ಚಿಕೊಳ್ಳುತ್ತಿತ್ತು. ಸೊಂಟ ಬಿಟ್ಟರೆ ಹೆಬ್ಬೆರಳು ಎದ್ದುಹೋಗುತ್ತಿತ್ತು. ಎಡಗಾಲು ಮಾತ್ರ ಯಾರೂ ಕೇಳದಿದ್ದರೂ ತನ್ನ ಪಾಠ ಒಪ್ಪಿಸುತ್ತಲೇ ಇತ್ತು.

ಔಷಧಿ ಅಂಗಡಿಯ ಮುಂದೆ ನಿಂತಿದ್ದ ತೀರ್ಪುಗಾರ ಬಗ್ಗಿ ನೋಡಿದ. ಪುಟ್ಟ ಬ್ಯಾಟಿನಂಥ ಹಳದಿ ಹಲಗೆಯನ್ನು ಅವಳತ್ತ ಎತ್ತಿದ. ಅದರ ಮೇಲೆ ಅಲೆಯಂಥ ಗೆರೆ. ಕಾಲು ನೆಲ ಬಿಡುತ್ತಿದೆ, ಎಚ್ಚರ ಎಂದು ಅರ್ಥ. ಕೂಡಲೇ ಜಡೆಗೂ ಎತ್ತಿದ.

“ನೋಡಿದ್ಯಾ,” ಎಂದಳು ಜಡೆ ಉಸಿರಿನ ನಡುವೆ. “ಇಬ್ಬರಿಗೂ... ಒಂದೇ... ಆಶೀರ್ವಾದ.”

ಬಾತು ಬಲ ಹೆಬ್ಬೆರಳನ್ನು ಇನ್ನಷ್ಟು ಒತ್ತಿದಳು.

ತಿರುವಿನ ಬಳಿ ದೊಡ್ಡ ಫಲಕವಿತ್ತು. ಯಾರ ಸಂಖ್ಯೆಗೆ ಎಷ್ಟು ಕೆಂಪು ಬಿದ್ದಿದೆ ಎಂದು ಅದರ ಮೇಲೆ ಅಂಟಿಸುತ್ತಿದ್ದರು. ಅರ್ಧ ದಾರಿಗೆ ಬಾತುವಿಗೆ ಒಂದು, ಜಡೆಗೆ ಒಂದು. ಇನ್ನೊಂದು ಸುತ್ತಿಗೆ ಬಾತುವಿಗೆ ಎರಡು. ಇನ್ನೊಂದು ಬಿದ್ದರೆ ಇಲ್ಲೇ ಈ ರಸ್ತೆಯಲ್ಲೇ ಎಲ್ಲ ಮುಗಿದಂತೆ. ಒಬ್ಬ ತೀರ್ಪುಗಾರ ಒಬ್ಬಳಿಗೆ ಒಂದೇ ಕೆಂಪು ಕೊಡಬಹುದು. ಯಾವ ಇಬ್ಬರು ಕೊಟ್ಟರೆಂದು ಗೊತ್ತಿದ್ದರೆ ಅವರ ಮುಂದೆ ನಿರಾಳವಾಗಿ ಹೋಗಬಹುದಿತ್ತು. ಗೊತ್ತಾಗುವುದಿಲ್ಲ. ಎಲ್ಲರಿಗೂ ಹೆದರಬೇಕು.

ನೀರಿನ ಮೇಜಿನ ಹತ್ತಿರ ಕೋಚ್ ನರ ಉಬ್ಬಿಸಿಕೊಂಡು ಕೂಗುತ್ತಿದ್ದರು. “ಎಡಗಾಲು! ಎಡಗಾಲು ಹೊಸಕ್ರೇ! ಎಷ್ಟು ಸಲ ಬಡ್ಕೊಳ್ಳಲಿ!” ಅವರ ಪಕ್ಕದಲ್ಲಿ ಅತ್ತಿಗೆ ಫೋನು ಹಿಡಿದು ನಿಂತಿದ್ದಳು. ಚಿತ್ರ ತೆಗೆಯುತ್ತಿರಲಿಲ್ಲ. ತುಟಿ ಬಿಗಿದಿತ್ತು.

ಬಾತು ವೇಗ ಇಳಿಸಿದಳು. ಬೇರೆ ದಾರಿಯಿರಲಿಲ್ಲ. ನಿಧಾನವಾದರೆ ಬಲಗಾಲು ಹೇಳಿದ ಮಾತು ಕೇಳುತ್ತಿತ್ತು. ಒತ್ತು, ಬಿಡು. ಒತ್ತು, ಬಿಡು. ಪಾದದ ಕಮಾನು ಹಗ್ಗದ ಹಾಗೆ ಬಿಗಿದು ಉರಿಯತೊಡಗಿತು. ಜಡೆ ಒಂದು ಹೆಜ್ಜೆ ಮುಂದೆ ಹೋದಳು, ಎರಡು ಹೆಜ್ಜೆ ಮುಂದೆ ಹೋದಳು. ಫಲಕದಲ್ಲಿ ಅವಳಿಗೂ ಎರಡನೆಯದು ಬಿದ್ದಿತ್ತು.

ಅದನ್ನು ಕಂಡು ಜಡೆ ವೇಗ ತಗ್ಗಿಸಿದಳು. ಮೇಜಿನ ಹತ್ತಿರಕ್ಕೆ ಬರುವಾಗ ಮತ್ತೆ ಇಬ್ಬರೂ ಜೊತೆಯಾಗಿದ್ದರು.

“ಬಲಗಾಲು!”

ಕೂಗಿದ್ದು ಅತ್ತಿಗೆ. ಯಾವತ್ತೂ ದನಿಯೆತ್ತಿದವಳಲ್ಲ. ಮೇಜಿನ ಮೇಲಿನ ಲೋಟಗಳನ್ನು ಕೆಡವಿಕೊಂಡು ಮುಂದಕ್ಕೆ ಬಾಗಿದ್ದಳು. “ಬಲಗಾಲು ಹೊಸಕು! ಎಡ ಅಲ್ಲ, ಬಲಗಾಲು!”

ಕೋಚ್ ಗರಕ್ಕನೆ ಅವಳತ್ತ ತಿರುಗಿದರು. ಅಷ್ಟರಲ್ಲಿ ಹುಡುಗಿಯರು ದಾಟಿಹೋಗಿದ್ದರು.

“ಬಲಗಾಲಾ?” ಜಡೆಯ ಉಸಿರು ಮುರಿದು ಮುರಿದು ಬರುತ್ತಿತ್ತು. “ಯಾರಿಗೆ... ಅಂದಿದ್ದು?”

ಬಾತು ರಸ್ತೆ ನೋಡುತ್ತಿದ್ದಳು.

“ನನಗೆ.”

“ಓ...” ಎಂದಳು ಜಡೆ. ನಂಬಿದಳು. ನಂಬದಿರಲು ಕಾರಣವೇ ಇರಲಿಲ್ಲ. ಅವರಿಬ್ಬರೂ ಒಂದೇ ಸೋಪು ಹಂಚಿಕೊಂಡು ಬದುಕಿದವರು.

ಕೊನೆಯ ಸುತ್ತಿನ ಗಂಟೆ ಬಾರಿಸಿದರು. ಜಡೆ ಹಲ್ಲುಕಚ್ಚಿ ಮುಂದೆ ನುಗ್ಗಿದಳು. ಬಾತು ಬೆನ್ನು ಹತ್ತಲಿಲ್ಲ, ಹತ್ತಲು ಆಗಲೂ ಇಲ್ಲ. ಹಿಂದಿನಿಂದ ನೋಡುತ್ತ ನಡೆದಳು. ವಾರಗಟ್ಟಲೆ ಪರದೆಯ ಮೇಲೆ ಚೂರುಚೂರಾಗಿ ನಡಿಗೆ ನೋಡಿ ಅವಳ ಕಣ್ಣು ಪಳಗಿತ್ತು. ಜಡೆಯ ಎಡಗಾಲು ನೆಲಕ್ಕೆ ಅಂಟಿ, ಹೊಸಕಿ, ಬಿಡುತ್ತಿತ್ತು. ಬಲಗಾಲು ಬಿಸಿ ಕಾವಲಿ ಮುಟ್ಟಿದಂತೆ ಹಾರುತ್ತಿತ್ತು. ಪ್ರತಿ ಎರಡನೇ ಹೆಜ್ಜೆಗೂ ಎರಡೂ ಶೂಗಳ ಕೆಳಗೆ ಬೆಳಕು ಕಾಣುತ್ತಿತ್ತು.

ಇನ್ನೂ ಹೇಳಬಹುದಿತ್ತು. ಕೂಗಿದರೆ ಕೇಳುವಷ್ಟೇ ದೂರ. ಒಂದೇ ಮಾತು.

ಕೊನೆಯ ತಿರುವಿನಲ್ಲಿ ಕನ್ನಡಕದ ತೀರ್ಪುಗಾರ್ತಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಜಡೆ ಹಾದುಹೋದಾಗ ಏನೋ ಗೀಚಿದಳು. ಬಾತು ಹಾದುಹೋಗುವಾಗ ಪೆನ್ನು ಹಿಡಿದ ಕೈ ಹಾಗೇ ಇತ್ತು. ಬಾತು ಬಲ ಹೆಬ್ಬೆರಳನ್ನು ಒತ್ತಿದಳು, ಒತ್ತಿದಳು, ಒತ್ತಿದಳು. ಪೆನ್ನು ಬರೆಯಿತೋ ಇಲ್ಲವೋ, ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಜಡೆ ಮೂರನೆಯವಳಾಗಿ ಗೆರೆ ದಾಟಿದಳು. ಬಾತು ನಾಲ್ಕನೆಯವಳು.

ಗೆರೆಯಾಚೆ ಇಬ್ಬರೂ ಪಾದಚಾರಿ ದಾರಿಯ ಕಲ್ಲಿನ ಮೇಲೆ ಕುಸಿದರು. ಜಡೆ ಅಳುತ್ತಲೂ ನಗುತ್ತಲೂ ಇದ್ದಳು. “ಆಯ್ತು ಕಣೆ,” ಎಂದು ಬಾತುವಿನ ಮಂಡಿ ಹಿಡಿದುಕೊಂಡಳು. “ಸಿಟ್ಟು ಮಾಡ್ಕೋಬೇಡ್ವೇ. ಮುಂದಿನ ಸಲ ನೀನೇ.”

“ಇನ್ನೂ ಕಾರ್ಡು ಎಣಿಸಿಲ್ಲ,” ಎಂದಳು ಬಾತು.

ಗೆರೆ ದಾಟಿದ ಮೇಲೂ ಕೆಂಪು ಬರಬಹುದು. ತೀರ್ಪುಗಾರರ ಕಾರ್ಡುಗಳನ್ನು ಸೈಕಲ್ಲಿನವನೊಬ್ಬ ಒಟ್ಟುಮಾಡಿ ತರಬೇಕು, ಮುಖ್ಯ ತೀರ್ಪುಗಾರ್ತಿ ಎಣಿಸಬೇಕು. ಸೈಕಲ್ಲು ಬಂತು. ಮುಖ್ಯ ತೀರ್ಪುಗಾರ್ತಿ ಕಾರ್ಡುಗಳನ್ನು ತಿರುವಿಹಾಕಿದಳು, ಪಕ್ಕದವನ ಕಿವಿಯಲ್ಲಿ ಏನೋ ಕೇಳಿದಳು, ಕೆಂಪು ಹಲಗೆ ಕೈಗೆತ್ತಿಕೊಂಡು ಅವರಿಬ್ಬರು ಕೂತಿದ್ದ ಕಡೆಗೆ ಹೊರಟಳು.

ಎರಡು ಕೆಂಪು ಇಬ್ಬರಿಗೂ ಇತ್ತು. ನನಗಲ್ಲ, ನನಗಲ್ಲ ಎಂದುಕೊಂಡಳು ಬಾತು. ನನಗಲ್ಲವೆಂದರೆ ಯಾರಿಗೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಹಾಗೆಯೇ ಅಂದುಕೊಂಡಳು.

ಮುಖ್ಯ ತೀರ್ಪುಗಾರ್ತಿ ಜಡೆಯ ಎದೆಯ ಸಂಖ್ಯೆ ಓದಿದಳು. ಹಲಗೆ ತೋರಿಸಿದಳು. “ಸಾರಿ ಅಮ್ಮ,” ಎಂದು ಹೋದಳು.

ಜಡೆಗೆ ಅರ್ಥವಾಗಲು ಹೊತ್ತು ಹಿಡಿಯಿತು. ಮಂಡಿಯ ಮೇಲಿದ್ದ ಅವಳ ಕೈ ಹಾಗೇ ಇತ್ತು. ಮೈಕಿನವನು ಮೂರನೆಯ ಸ್ಥಾನಕ್ಕೆ ಬಾತುವಿನ ನಿಜವಾದ ಹೆಸರು ಕೂಗಿದ. ಅದು ಯಾರೆಂದು ಬಾತುವಿಗೇ ಒಂದು ಗಳಿಗೆ ಹೊಳೆಯಲಿಲ್ಲ.

ಕೋಚ್ ಮತ್ತು ಅತ್ತಿಗೆ ಬಂದರು. ಕೋಚ್ ಮುಖ ಗಂಟುಹಾಕಿಕೊಂಡಿದ್ದರು. ದಾರಿಯಲ್ಲೇ ಎಲ್ಲ ಕೇಳಿ ತಿಳಿದುಕೊಂಡಿದ್ದರು ಎಂಬುದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಬಾತುವಿಗೆ ಶಹಬ್ಬಾಸ್ ಅನ್ನಲಿಲ್ಲ, ಜಡೆಗೆ ಸಮಾಧಾನ ಹೇಳಲಿಲ್ಲ. ಇಬ್ಬರ ಬಲಗಾಲನ್ನೂ ನೋಡುತ್ತ ನಿಂತರು. “ದಿನಾ ನಾನೂ ಅದೇ ವಿಡಿಯೊ ನೋಡ್ತಿದ್ನಲ್ಲ,” ಎಂದರು, ಯಾರಿಗೂ ಅಲ್ಲ.

“ಎಡಗಾಲು ಸರಿಹೋಗಿತ್ತಲ್ವ ಅಕ್ಕಾ?” ಎಂದಳು ಜಡೆ. “ಬೆಳಿಗ್ಗೆ ನೀವೇ ಅಂದ್ರಲ್ಲ.”

ಅತ್ತಿಗೆ ಜಡೆಯ ಮುಂದೆ ಕುಕ್ಕರಿಸಿದಳು. “ತಪ್ಪಿದ್ದದ್ದು ಬಲಗಾಲಲ್ಲಿ. ಚಿತ್ರ ತಿರುಗಿಸಿದಾಗ ನಾನು ಅದಲುಬದಲು ಮಾಡಿಬಿಟ್ಟೆ. ಇಬ್ಬರದೂ.”

“ಇಬ್ಬರದೂ,” ಎಂದಳು ಜಡೆ. “ಹಾಗಾದ್ರೆ ನೀವು ಮೇಜಿನ ಹತ್ರ ಕೂಗಿದ್ದು?”

“ಇಬ್ಬರಿಗೂ.”

ಜಡೆ ಬಾತುವಿನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಾಳೆಯಾಗದವರ ಗೊಂದಲವಿತ್ತು. ಆಮೇಲೆ ತಾಳೆಯಾಯಿತು.

“ನೀನು ‘ನನಗೆ’ ಅಂದೆ.”

“ಹೌದು.”

“ಯಾವಾಗ ಗೊತ್ತಾಯ್ತು ನಿನಗೆ?”

ಅತ್ತಿಗೆ ನಡುವೆ ಬಾಯಿ ಹಾಕಿದಳು. “ಅವಳದೇನೂ—”

“ಪಿನ್ ಹಾಕೋಕೆ ಮುಂಚೆ,” ಎಂದಳು ಬಾತು.

ಜಡೆ ತಲೆಯಾಡಿಸಿದಳು. ತಲೆಯ ಮೇಲಿನ ಗಂಟು ಸಡಿಲಾಗಿ ಹೆಣೆದ ಕೂದಲು ಇಡಿಯಾಗಿ ಬೆನ್ನ ಮೇಲೆ ಬಿತ್ತು. ಅದನ್ನು ಮುಂದಕ್ಕೆ ಎಳೆದುಕೊಂಡು ಬಾತುವಿಗೆ ಬೆನ್ನು ಕೊಟ್ಟು ಕೂತಳು.

“ಪಿನ್ ಬಿಚ್ಚು,” ಎಂದಳು. “ನನ್ನ ಕೈಗೆ ಎಟುಕಲ್ಲ.”

ಬಾತು ಬಿಚ್ಚಿದಳು. ಬೆವರಿಗೆ ಬಟ್ಟೆ ಮೈಗೆ ಅಂಟಿತ್ತು. ಮೂರು ಪಿನ್ನು ಸಲೀಸಾಗಿ ಬಂದವು. ಬೆಳಿಗ್ಗೆ ಚುಚ್ಚಿದ ಜಾಗದಲ್ಲಿ ನಾಲ್ಕನೆಯದರ ಸುತ್ತ ರಕ್ತದ ಒಂದು ಚುಕ್ಕೆ ಒಣಗಿ ಕಪ್ಪಾಗಿತ್ತು. ಮೈಕಿನವನು ಮೂರನೆಯ ಸ್ಥಾನದವಳನ್ನು ವೇದಿಕೆಗೆ ಬರುವಂತೆ ಎರಡನೇ ಸಲ ಕರೆದ.

“ಹೋಗು,” ಎಂದಳು ಜಡೆ, ತಿರುಗದೆ. “ಕೂಗ್ತಿದಾರೆ. ನಿನಗೆ.”